ಕಾರ್ಡ್ ಸಬ್‌ಸ್ಟಿಟ್ಯೂಷನ್‌ಗೆ ‘ಆದೇಶ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಅಕ್ಕನ ಮಗ ಒಂದು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಾನೆ. ಬ್ಲೂಸ್ ಒಂದಷ್ಟು ಕೈಗೆ ಹತ್ತಿದ ಮೇಲೆ ಈಗ ಜಾಜ್ ಕಡೆ ಹೊರಳಿದ್ದಾನೆ. ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಪುಸ್ತಕ ತೆರೆದರೆ ಎರಡನೇ ಪುಟಕ್ಕೇ ತೂಕಡಿಕೆ. ಹಾಗಾಗಿ ಅವನಿಗೂ ಅವನ ಇಬ್ಬರು ಗೆಳೆಯರಿಗೂ ಆಗಲಿ ಅಂತ ನಾನೇ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ನುಡಿಸುವುದು ಹೇಗೆ ಅಂತ ಬರೆಯೋದು ಕಷ್ಟವಾಗಲಿಲ್ಲ. ಪದಗಳ ಹತ್ತಿರ ಸಿಕ್ಕಿಬಿದ್ದಿದ್ದೇನೆ.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ‘ರಿದಮ್ ಚೇಂಜಸ್’ ಅನ್ನೋದನ್ನು ಹಿಂದುಮುಂದು ನೋಡದೆ ‘ಲಯ ಬದಲಾವಣೆ’ ಅಂತ ಬರೆದೆ. ಹುಡುಗ ಅದನ್ನು ಓದಿ, ಮೆಟ್ರೊನೋಮ್ ಇಟ್ಟುಕೊಂಡು, ನಾಲ್ಕರ ಎಣಿಕೆಯಿಂದ ಮೂರಕ್ಕೆ, ಮೂರರಿಂದ ಐದಕ್ಕೆ ಹಾರುತ್ತಾ ಒಂದು ಸಂಜೆಯೆಲ್ಲ ಬೆವರು ಸುರಿಸಿದ. ಲಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಜಾಜ್‌ನವರ ಮಾತಲ್ಲಿ ‘ಚೇಂಜಸ್’ ಅಂದರೆ ಒಂದಾದ ಮೇಲೊಂದು ಬರುವ ಕಾರ್ಡ್‌ಗಳು (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ‘ರಿದಮ್’ ಅನ್ನೋದು ಜಾರ್ಜ್ ಗರ್ಶ್ವಿನ್ 1930ರಲ್ಲಿ ಕಟ್ಟಿದ ‘ಐ ಗಾಟ್ ರಿದಮ್’ ಹಾಡಿನ ಹೆಸರಿನ ತುಂಡು. ಆ ಹಾಡಿನ ಟ್ಯೂನ್ ಕಳಚಿ, ಕೆಳಗಿನ ಕಾರ್ಡ್‌ಗಳನ್ನಷ್ಟೇ ಉಳಿಸಿಕೊಂಡು, ಅದರ ಮೇಲೆ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ಎಷ್ಟೋ ಹೊಸ ಟ್ಯೂನ್ ಕಟ್ಟಿದರು. ಹೆಸರು ಮಾತ್ರ ಹಳೆಯ ಹಾಡಿನದ್ದೇ ಉಳಿಯಿತು.

ಇನ್ನು ‘ಪ್ರೋಗ್ರೆಶನ್’, ಅಂದರೆ ಕಾರ್ಡ್‌ಗಳು ಒಂದರಿಂದ ಒಂದಕ್ಕೆ ಸಾಗುವ ಕ್ರಮ. ‘ಕಾರ್ಡ್ ಪ್ರಗತಿ’ ಅಂದರೆ ಪಂಚಾಯಿತಿಯಲ್ಲಿ ರೇಷನ್ ಕಾರ್ಡ್ ಹಂಚಿಕೆ ಎಲ್ಲಿಗೆ ಬಂತು ಅಂತ ವರದಿ ಕೊಟ್ಟ ಹಾಗಿದೆ. ‘ನಡೆ’ ಚೆನ್ನಾಗಿದೆ, ಆದರೆ ತಿಶ್ರ ನಡೆ, ಖಂಡ ನಡೆ ಅಂತ ತಾಳದವರು ಆಗಲೇ ಅದನ್ನು ಹಿಡಿದುಕೊಂಡಿದ್ದಾರೆ. ಸದ್ಯಕ್ಕೆ ಸುಮ್ನೆ ‘ಸಾಲು’ ಅಂತ ಬರೆದಿದ್ದೇನೆ: ‘12 ಬಾರ್‌ನ ಬ್ಲೂಸ್ ಸಾಲು’. ಬಾರ್ ಅಂದರೆ ನಮ್ಮ ತಾಳದ ಆವರ್ತದ ಹಾಗೆ ಎಣಿಕೆಯ ಒಂದು ಸುತ್ತು. (‘ಹನ್ನೆರಡು ಬಾರ್’ ಅಂತ ಗಟ್ಟಿಯಾಗಿ ಓದಿದಾಗ ಪಕ್ಕದ ಕೋಣೆಯಿಂದ ಬಾವ ಇಣುಕಿದರು. ಆ ಗೋಳು ಬೇರೆ.)

ನಿಜವಾದ ಪ್ರಶ್ನೆ ‘ಸಬ್‌ಸ್ಟಿಟ್ಯೂಷನ್’ದು. ಬರೆದುಕೊಟ್ಟ ಕಾರ್ಡ್ ಬಿಟ್ಟು ಅದೇ ಜಾಗದಲ್ಲಿ ಇನ್ನೊಂದನ್ನು ನುಡಿಸುವುದು. ‘ಬದಲಿ ಕಾರ್ಡ್’ ಅಂತ ಬರೆದೆ. ಹುಡುಗ ನಕ್ಕ. ಕಳೆದುಹೋದ ಎಟಿಎಂ ಕಾರ್ಡಿಗೆ ಬ್ಯಾಂಕಿನವರು ಕೊಡುವುದು ಅದನ್ನೇ ಅಲ್ವಾ! ‘ಪರ್ಯಾಯ’ ಅನ್ನೋಣ ಅಂದರೆ ಉಡುಪಿ ಕಡೆಯವರಿಗೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ದಾಟುವ ಪೂಜೆಯ ಸರದಿಯೇ ಮೊದಲು ನೆನಪಾಗುತ್ತದೆ.

ಆಗ ಹೊಳೆದದ್ದು ಶಾಲೆಯಲ್ಲಿ ಉರು ಹೊಡೆದ ಲೋಪ, ಆಗಮ, ಆದೇಶ.

ಮಳೆ + ಕಾಲ = ಮಳೆಗಾಲ. ಕ ಹೋಗಿ ಗ ಬಂತು. ಆದರೆ ಹೋದದ್ದೂ ಬಂದದ್ದೂ ಎರಡೂ ಗಂಟಲಿನವೇ. ಹಾಗೇ ಬೆಟ್ಟದಾವರೆಯಲ್ಲಿ ತ ಹೋಗಿ ದ, ಕಂಬನಿಯಲ್ಲಿ ಪ ಹೋಗಿ ಬ. ಸಿಕ್ಕ ಅಕ್ಷರ ಬಂದು ಕೂರುವುದಿಲ್ಲ. ಹೋದವರ ಮನೆತನದವರೇ ಬರಬೇಕು.

ಜಾಜ್‌ನವರು ಮಾಡುವುದೂ ಇದನ್ನೇ. ಅವರ ‘ಟ್ರೈಟೋನ್ ಸಬ್‌ಸ್ಟಿಟ್ಯೂಷನ್’ ತೆಗೆದುಕೊಳ್ಳಿ. ಸಿ ಶ್ರುತಿಯಲ್ಲಿ ಡಿ ಮೈನರ್ 7, ಜಿ7, ಸಿ ಅನ್ನೋ ಸಾಲು ಇದೆ. ಜಿ7 ಜಾಗದಲ್ಲಿ ಡಿ ಫ್ಲಾಟ್ 7 ನುಡಿಸುತ್ತಾರೆ. ಜಿಯಿಂದ ಡಿ ಫ್ಲಾಟ್‌ಗೆ ಆರು ಅರೆಸ್ವರದ ದೂರ, ಅಂದರೆ ಷಡ್ಜದಿಂದ ಪ್ರತಿ ಮಧ್ಯಮಕ್ಕೆ ಇರುವಷ್ಟು. ಇಷ್ಟು ದೂರದವನು ಇಲ್ಲಿ ಹೇಗೆ ಹೊಂದಿಕೊಂಡ? ನಮ್ಮ ಸ್ವರಗಳಲ್ಲಿ ಬರೆದು ನೋಡಿದೆ. ಸಿಯನ್ನು ಷಡ್ಜ ಅಂದುಕೊಂಡರೆ ಜಿ7ರಲ್ಲಿರುವುದು ಪಂಚಮ, ಕಾಕಲಿ ನಿಷಾದ, ಚತುಶ್ರುತಿ ರಿಷಭ, ಶುದ್ಧ ಮಧ್ಯಮ. ಡಿ ಫ್ಲಾಟ್ 7ರಲ್ಲಿ ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಮಧ್ಯಮ, ನಿಷಾದ ಎರಡರಲ್ಲೂ ಇವೆ. ಸಿಗೆ ಬಂದು ಇಳಿಯಬೇಕು ಅನ್ನೋ ಒತ್ತಡ ಹುಟ್ಟಿಸುವುದು ಮುಖ್ಯವಾಗಿ ಆ ಜೋಡಿಯೇ. ಅದು ಹಾಗೇ ಉಳಿದು ಉಳಿದದ್ದು ಬದಲಾಯಿತು. ಕ ಹೋಗಿ ಗ ಬಂದರೂ ಗಂಟಲು ಉಳಿದ ಹಾಗೆ. ಜೊತೆಗೆ ರಿ–ಪ–ಸ ಅಂತ ಜಿಗಿಯುತ್ತಿದ್ದ ಬೇಸ್ (ಎಲ್ಲಕ್ಕಿಂತ ಕೆಳಗಿನ ಸ್ವರ) ಈಗ ಡಿ, ಡಿ ಫ್ಲಾಟ್, ಸಿ ಅಂತ ಅರೆಸ್ವರ ಅರೆಸ್ವರವಾಗಿ ಜಾರುತ್ತದೆ. ಹುಡುಗನಿಗೆ ಇಷ್ಟವಾದದ್ದು ಆ ಜಾರುವಿಕೆ. ಹತ್ತು ಸಲ ನುಡಿಸಿ ತೋರಿಸಿದ.

ಇನ್ನೆರಡೂ ಹೊಂದುತ್ತವೆ. ‘ಮನೆಯನ್ನು’ ಅನ್ನುವಾಗ ನಡುವೆ ಯ ಬರುವ ಹಾಗೆ, ಸಿ ಮತ್ತು ಡಿ ಮೈನರ್ ನಡುವೆ ಸಿ ಶಾರ್ಪ್ ಡಿಮಿನಿಶ್ಡ್ ಅನ್ನೋ ‘ಪಾಸಿಂಗ್ ಕಾರ್ಡ್’ ತೂರಿಸುತ್ತಾರೆ. ಅದು ಆಗಮ. ಬೇಸ್ ನುಡಿಸುವವರು ಇದ್ದೇ ಇದ್ದಾರೆ ಅಂತ ಪಿಯಾನೊದವರು ಕಾರ್ಡಿನ ಮೂಲ ಸ್ವರವನ್ನೇ ಬಿಟ್ಟು ನುಡಿಸುತ್ತಾರೆ. ಅದು ಲೋಪ. ವ್ಯಾಕರಣದವರು ಆಗಮ ಗೆಳೆಯನ ಹಾಗೆ, ಆದೇಶ ಶತ್ರುವಿನ ಹಾಗೆ ಅನ್ನುತ್ತಿದ್ದರು. ಗೆಳೆಯ ಪಕ್ಕದಲ್ಲಿ ಬಂದು ಕೂರುತ್ತಾನೆ, ಶತ್ರು ಇದ್ದವನನ್ನು ಎಬ್ಬಿಸಿ ಕೂರುತ್ತಾನೆ. ‘ಪಾಸಿಂಗ್ ಕಾರ್ಡ್’ಗೂ ಸಬ್‌ಸ್ಟಿಟ್ಯೂಷನ್‌ಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸುಲಭವಾಗಿ ಹೇಳೋದು ನನಗೆ ಗೊತ್ತಾಗಲಿಲ್ಲ.

ತೊಡಕು ಒಂದೇ. ‘ಆದೇಶ’ ಅಂದರೆ ಇವತ್ತು ಸರ್ಕಾರದ ಆದೇಶ, ಕೋರ್ಟಿನ ಆದೇಶ. ‘ಜಿ7ಕ್ಕೆ ಡಿ ಫ್ಲಾಟ್ 7 ಆದೇಶ’ ಅಂತ ಬರೆದರೆ ಯಾರೋ ಯಾರಿಗೋ ಹುಕುಂ ಕೊಟ್ಟಂತಿದೆ. ‘ಆದೇಶವಾಗಿ ಬರುತ್ತದೆ’ ಅಂತ ಪೂರ್ತಿ ಬರೆದರೆ ವ್ಯಾಕರಣದ ವಾಸನೆ ಬಂದು ಅರ್ಥ ಸರಿಹೋಗುತ್ತದೆ. ಆದರೆ ಪ್ರತಿ ಸಾಲಿನಲ್ಲೂ ಹಾಗೆ ಬರೆಯೋದು ಜಾಸ್ತಿ ಉದ್ದ. ಕಾರ್ಡ್, ಬೇಸ್ ಇಂಥವನ್ನು ಹಾಗೇ ಬಿಡುವುದಕ್ಕೆ ನನ್ನ ಅಡ್ಡಿಯೇನೂ ಇಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ನಮ್ಮ ಕಛೇರಿಗೆ ತಂದಾಗ ಅದಕ್ಕೆ ಯಾರೂ ಕನ್ನಡದ ಹೆಸರು ಹುಡುಕಲಿಲ್ಲ. ವಾದ್ಯದ ಹೆಸರು ಬಾಯಿಪಾಠವಾದರೆ ಸಾಕು, ಸಬ್‌ಸ್ಟಿಟ್ಯೂಷನ್ ಅರ್ಥವಾಗಬೇಕಾದ ಕೆಲಸ. ಅಲ್ಲಿ ಗೊತ್ತಿರುವ ಪದ ಇದ್ದರೆ ಅರ್ಧ ಪಾಠ ಮುಗಿದ ಹಾಗೆ.

ನಿಮ್ಮಲ್ಲಿ ಯಾರಾದರೂ ವ್ಯಾಕರಣದ ಹೊರಗೆ ‘ಆದೇಶ’ವನ್ನು ಈ ಅರ್ಥದಲ್ಲಿ ಬಳಸಿದ್ದು ಅಥವಾ ಕೇಳಿದ್ದು ಇದೆಯೇ?

ಇನ್ನೊಂದು ಚಿಕ್ಕ ಪ್ರಶ್ನೆ. 12 ಬಾರ್‌ನ ಕೊನೆಯ ಎರಡು ಬಾರ್‌ಗಳಲ್ಲಿ ಸಾಲನ್ನು ಮತ್ತೆ ಮೊದಲಿಗೆ ತಿರುಗಿಸುವ ಕಾರ್ಡ್‌ಗಳಿಗೆ ‘ಟರ್ನ್‌ಅರೌಂಡ್’ ಅನ್ನುತ್ತಾರೆ. ಉಳುವಾಗ ಬದುವಿನ ತನಕ ಹೋಗಿ ಎತ್ತು ತಿರುಗಿಸಿಕೊಂಡು ಹೊಸ ಸಾಲಿಗೆ ಬರುತ್ತಾರಲ್ಲ, ನನಗೆ ಅದೇ ಕಣ್ಣಿಗೆ ಕಟ್ಟುತ್ತದೆ. ಆ ತಿರುಗಿಸುವ ಜಾಗಕ್ಕೋ ಕೆಲಸಕ್ಕೋ ನಿಮ್ಮ ಊರಿನ ಕಡೆ ಏನಂತಾರೆ? ಮನೆಯಲ್ಲಿ ಬೇಸಾಯ ಇರುವವರು ದೊಡ್ಡವರನ್ನು ಕೇಳಿ, ಊರಿನ ಹೆಸರಿನ ಜೊತೆ ಬರೆಯಿರಿ. ‘ಸಾಲು’ ಅಂತ ಆಗಲೇ ಬರೆದಿರುವುದರಿಂದ ಈ ಪದವೂ ಅದೇ ಹೊಲದಿಂದ ಸಿಕ್ಕಿದರೆ ಚೆನ್ನ.