ಸಹಾಯ ಬೇಕು: ನನ್ನ ತಮ್ಮ ವಿಪಿಎನ್ ಹಾಕಿ ಜೂಜಾಡಿದ, ಈಗ ಸಂಬಳದ ಖಾತೆಯೇ ಫ್ರೀಜ್

ಎಲ್ಲರಿಗೂ ನಮಸ್ಕಾರ. ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ, ಊರು ಕುಂದಾಪುರದ ಕಡೆ. ಗುಂಪಿನಲ್ಲಿ ವಕೀಲರು, ಬ್ಯಾಂಕಿನವರು ಇದ್ದರೆ ದಯವಿಟ್ಟು ಓದಿ.

ನನ್ನ ತಮ್ಮ ಅಂಧೇರಿಯ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾನೆ. 2025ರ ಆಗಸ್ಟಿನಲ್ಲಿ ಹೊಸ ಕಾನೂನು ಬಂದು ದುಡ್ಡಿನ ಆಟದ ಆ್ಯಪ್‌ಗಳು ನಿಂತವು ಅಲ್ವಾ, ಆಮೇಲೆ ರೂಮಿನ ಗೆಳೆಯನೊಬ್ಬ ವಿಪಿಎನ್ (ನಾವು ಯಾವ ದೇಶದಲ್ಲಿದ್ದೇವೆ ಎಂದು ಸೈಟಿಗೆ ಗೊತ್ತಾಗದಂತೆ ಮಾಡುವ ಆ್ಯಪ್) ಹಾಕಿಕೊಟ್ಟ. ಹೊರದೇಶದ ಸೈಟಿನಲ್ಲಿ ಆಡಿದ. ಗೆದ್ದ 62,000 ರೂಪಾಯಿ ತೆಗೆಯಲು ಹೋದಾಗ ಗುರುತಿನ ಚೀಟಿ ಕೇಳಿದರು. ಆಧಾರ್ ಕಳಿಸಿದ. ‘ಭಾರತದವರಿಗೆ ಇಲ್ಲಿ ಅವಕಾಶವಿಲ್ಲ’ ಎಂದು ಸೈಟಿನ ಖಾತೆ ಲಾಕ್ ಮಾಡಿದರು. ದುಡ್ಡು ಹಾಕುವಾಗ ಯಾವ ದೇಶ ಅಂತ ಯಾರೂ ಕೇಳಿರಲಿಲ್ಲ ನೋಡಿ!

ಅದು ಹೋಗಲಿ. ಮೊದಲೊಮ್ಮೆ ಗೆದ್ದ 8,000 ಯಾರದೋ ಅಪರಿಚಿತರ ಯುಪಿಐನಿಂದ ಬಂದಿತ್ತು. ಅದು ಮೋಸದ ದುಡ್ಡಂತೆ. ಸೈಬರ್ ದೂರು ಇದೆ ಎಂದು ಬ್ಯಾಂಕಿನವರು ಖಾತೆ ಫ್ರೀಜ್ ಮಾಡಿದ್ದಾರೆ. ಅಮ್ಮನ ಔಷಧಿಗೆ ಕಳಿಸಲೂ ಆಗುತ್ತಿಲ್ಲ.

ವಿಪಿಎನ್ ಬಳಸುವುದೇ ತಪ್ಪಲ್ಲ, ಆದರೆ ಅದರಿಂದ ಜೂಜು ಸಕ್ರಮ ಆಗುವುದಿಲ್ಲ ಎಂದು ಗೊತ್ತು. ಹೊಸ ಕಾನೂನಿನಲ್ಲಿ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಸುಮ್ನೆ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ. ಆದರೆ ಮಹಾರಾಷ್ಟ್ರದಲ್ಲಿ 1887ರ ಜೂಜು ಕಾನೂನೂ ಇದೆಯಲ್ಲ, ನಮ್ಮ ಭಯ ಅದೇ.

ಪೊಲೀಸರ ಹತ್ತಿರ ಹೋಗುವಾಗ ವಿಪಿಎನ್ ವಿಷಯವನ್ನೂ ಹೇಳಬೇಕೇ? ಬರೀ 8,000 ತಡೆಹಿಡಿದು ಉಳಿದ ಸಂಬಳ ಬಿಡಿಸಿಕೊಂಡವರು ಯಾರಾದರೂ ಇದ್ದೀರಾ? ಥಾಣೆ ಊರಿನ ಕಡೆಯ ಕನ್ನಡದ ವಕೀಲರಿದ್ದರೆ ತಿಳಿಸಿ. ಬೈಯಬೇಡಿ, ಅದು ಮನೆಯಲ್ಲೇ ಸಾಕಷ್ಟು ಆಗಿದೆ.