ಗಾಂಜಾ ಬಳಕೆ ಅಳೆಯೋಕೆ ‘ತಿಂಗಳಿಗೆ ಎಷ್ಟು ದಿನ’ ಅಂತ ಕೇಳಿದರೆ ಸಾಕಾ?

ಅಂಕಿಅಂಶ_ಗೋಳು: ನೋವಿಗೆ ಅಂತ ಮೆಡಿಕಲ್ ಗಾಂಜಾ ತೆಗೆದುಕೊಳ್ಳುವವರ ಬಗ್ಗೆ ಬಂದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುತ್ತಿದ್ದೇನೆ. ಒಂದರಲ್ಲಿ ‘ಕಳೆದ 30 ದಿನದಲ್ಲಿ ಎಷ್ಟು ದಿನ’, ಇನ್ನೊಂದರಲ್ಲಿ ದಿನಕ್ಕೆ ಎಷ್ಟು ಗ್ರಾಂ, ಮತ್ತೊಂದರಲ್ಲಿ ಬರೀ ‘ಹೌದು/ಇಲ್ಲ’. ಜೊತೆಗೆ ಮದ್ಯ, ತಂಬಾಕು, ನಿದ್ದೆ ಮಾತ್ರೆ ಸೇರಿದರಂತೂ ಕೇಳಲೇಬೇಡಿ. ಹೋಲಿಸೋದು ಹೇಗೆ?

ಮಿಲಿಗ್ರಾಂ: ಗ್ರಾಂ ಲೆಕ್ಕ ನಂಬಬೇಡಿ. 1 ಗ್ರಾಂ ಗಾಂಜಾ ಹೂವಿನಲ್ಲಿ ಟಿಎಚ್‌ಸಿ (ಅಮಲು ತರುವ ಅಂಶ) ಶೇ. 10 ಇದ್ದರೆ 100 ಮಿ.ಗ್ರಾಂ, ಶೇ. 20 ಇದ್ದರೆ 200. ಅದಕ್ಕೇ 2021ರಲ್ಲಿ ಅಮೆರಿಕದ ಎನ್‌ಐಡಿಎ (ಮಾದಕವಸ್ತು ಸಂಶೋಧನೆಯ ಸರ್ಕಾರಿ ಸಂಸ್ಥೆ), ಸಂಶೋಧನೆಗೆ 5 ಮಿ.ಗ್ರಾಂ ಟಿಎಚ್‌ಸಿಯನ್ನು ಒಂದು ಯೂನಿಟ್ ಅಂತ ಗೊತ್ತು ಮಾಡಿತು. ಹಾಗೆ ನೋಡಿದರೆ ಅದೇ ಒಂದು ಗ್ರಾಂ 20 ಯೂನಿಟ್ಟೂ ಆಗಬಹುದು, 40 ಕೂಡ. (ಇದು ‘ಸುರಕ್ಷಿತ ಡೋಸ್’ ಅಲ್ಲ, ವರದಿ ಬರೆಯೋಕೆ ಒಂದು ಅಳತೆ ಅಷ್ಟೇ.)

ಎಣ್ಣೆ_ಹನಿ: ಯೂನಿಟ್ ಒಂದೇ ಸಾಲದು. ಸೇದಿದ 5 ಮಿ.ಗ್ರಾಂ ಕೆಲವೇ ನಿಮಿಷದಲ್ಲಿ ಹತ್ತುತ್ತದೆ. ತಿಂದದ್ದು ಅರ್ಧ ಗಂಟೆಯಿಂದ ಎರಡು ಗಂಟೆ ತೆಗೆದುಕೊಳ್ಳುತ್ತದೆ, ಯಕೃತ್ತಿನಲ್ಲಿ 11-ಹೈಡ್ರಾಕ್ಸಿ-ಟಿಎಚ್‌ಸಿ ಅನ್ನೋ ಇನ್ನೊಂದು ಅಮಲಿನ ರೂಪಕ್ಕೆ ತಿರುಗಿ ಇನ್ನೂ ಜಾಸ್ತಿ ಹೊತ್ತು ಇರುತ್ತದೆ. ಸಿಬಿಡಿಯೇ (ಗಾಂಜಾದ್ದೇ, ಆದರೆ ಅಮಲು ತರದ ಅಂಶ) ಹೆಚ್ಚಿರುವ ಗಾಂಜಾ ಎಣ್ಣೆಗೆ ಈ ಯೂನಿಟ್ ಏನನ್ನೂ ಹೇಳೋದಿಲ್ಲ, ಅಲ್ವಾ? ಆದರೆ ಅದೇ ಸಿಬಿಡಿ, ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ಜೊತೆ ಸೇರಿದರೆ ಆ ಮಾತ್ರೆಯಿಂದ ಹುಟ್ಟುವ ಸಕ್ರಿಯ ಅಂಶ ರಕ್ತದಲ್ಲಿ ಏರುತ್ತದೆ. ಹಾಗಾಗಿ ಸಿಬಿಡಿ ಎಷ್ಟು, ಹೇಗೆ ತೆಗೆದುಕೊಂಡರು, ಯಾವ ಮಾತ್ರೆ ನಡೀತಿದೆ, ಇವೆಲ್ಲ ಫಾರಂನಲ್ಲಿ ಇರಲೇಬೇಕು.

ಸಂಜೆ_ಏಳು: ನನ್ನ ತಕರಾರು ‘ಜೊತೆಗೆ’ ಅನ್ನುವ ಕಾಲಂ ಮೇಲೆ. ಒಬ್ಬರು ವಾರದ ದಿನಗಳಲ್ಲಿ ರಾತ್ರಿ ನೋವಿಗೆ ಗಾಂಜಾ ಎಣ್ಣೆ ತೆಗೆದುಕೊಂಡು, ಶನಿವಾರ ಮಾತ್ರ ಕುಡಿಯುತ್ತಾರೆ. ಇನ್ನೊಬ್ಬರು ಕುಡಿಯುತ್ತಲೇ ಸೇದುತ್ತಾರೆ. ಫಾರಂನಲ್ಲಿ ಇಬ್ಬರೂ ಎರಡಕ್ಕೂ ಟಿಕ್! ಮದ್ಯ ಜೊತೆಗಿದ್ದರೆ ರಕ್ತದಲ್ಲಿ ಟಿಎಚ್‌ಸಿ ಮಟ್ಟವೇ ಏರಬಹುದು, ಅಂಥದ್ದರಲ್ಲಿ ಇವರಿಬ್ಬರನ್ನು ಒಂದೇ ಗುಂಪಿಗೆ ಸೇರಿಸೋದು ಯಾವ ನ್ಯಾಯ? ಕ್ಯಾಲೆಂಡರ್ ಮುಂದಿಟ್ಟು ಒಂದೊಂದು ದಿನ ನೆನಪಿಸಿಕೊಳ್ಳುವ ಟೈಮ್‌ಲೈನ್ ಫಾಲೋಬ್ಯಾಕ್ ವಿಧಾನ ಇದೆಯಲ್ಲ, ಅದಕ್ಕೆ ಗಂಟೆಯ ಕಾಲಂ ಒಂದು ಸೇರಿಸಿ. ‘ಇದು ನೋವಿಗಾ, ನಿದ್ದೆಗಾ, ಸುಮ್ನೆ ಖುಷಿಗಾ’ ಅಂತ ಪ್ರತಿ ಸಲಕ್ಕೂ ಕೇಳಿ. ಇನ್ನು ಗಾಂಜಾದಲ್ಲಿ ತಂಬಾಕು ಬೆರೆಸಿ ಸೇದುವವರು ‘ಸಿಗರೇಟು ಇಲ್ಲ’ ಅಂತ ಬರೆದುಬಿಡಬಹುದು, ಅದನ್ನೂ ಬೇರೆಯಾಗಿ ಕೇಳಿ.

ಅಂಕಿಅಂಶ_ಗೋಳು: ಮೂತ್ರ ಪರೀಕ್ಷೆ ಮಾಡಿದರೆ ಈ ತಲೆನೋವು ತಪ್ಪಲ್ವಾ? ಮತ್ತೆ ಈಗಾಗಲೇ ಇರುವ ಡೇಟಾ?

ಮಿಲಿಗ್ರಾಂ: ತಲೆನೋವು ತಪ್ಪೋದಿಲ್ಲ. ದಿನಾ ಬಳಸುವವರಲ್ಲಿ ನಿಲ್ಲಿಸಿದ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಯಾವಾಗ, ಎಷ್ಟು ಅನ್ನೋದು ಅದರಿಂದ ಸಿಗಲ್ಲ. ಹಳೇ ಡೇಟಾದಲ್ಲಿ ಟಿಎಚ್‌ಸಿ ಶೇಕಡಾ ಬರೆದಿಲ್ಲ ಅಂದರೆ ಊಹೆ ಮಾಡಿ ಯೂನಿಟ್ಟಿಗೆ ಬದಲಿಸಬೇಡಿ. ‘ಎಷ್ಟು ದಿನ’ ಅನ್ನೋದನ್ನಷ್ಟೇ ಹೋಲಿಸಿ, ‘ಹೌದು/ಇಲ್ಲ’ ಇರುವುದನ್ನು ಬೇರೆ ಟೇಬಲ್‌ಗೆ ಹಾಕಿ.