‘ಗಟ್ಟಿ ಬೆಳ್ಳಿ’ ಎಂದರೆ ಯಾವ ಗಟ್ಟಿ?

ಎಲ್ಲರಿಗೂ ನಮಸ್ಕಾರ.

‘ಗಟ್ಟಿ ಬೆಳ್ಳಿ’ ಎಂಬ ಬಳಕೆಯ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ಬೆಳ್ಳಿಯ ಕಡಗ ಕೊಳ್ಳುವಾಗ ‘ಇದು ಗಟ್ಟಿಯೇ?’ ಎಂದು ವಿಚಾರಿಸಿದ್ದೆ. ‘ಗಟ್ಟಿ ಬೆಳ್ಳಿಯೇ, 925ರ ಮುದ್ರೆ ನೋಡಿ’ ಎಂದರು ಅಂಗಡಿಯವರು. ಶುದ್ಧತೆಯ ಆ ಮುದ್ರೆ ಸರಿಯಾಗಿಯೇ ಇತ್ತು. ಕೆಲವು ತಿಂಗಳ ಮೇಲೆ ಕಡಗ ಬಾಗಿಲಿನ ಅಂಚಿಗೆ ತಗುಲಿ ನೆಗ್ಗಿತು, ಬೆಸುಗೆ ಬಿಟ್ಟಿತು, ನೋಡಿದರೆ ಒಳಗೆ ಬರೀ ಗಾಳಿ. ನಾನು ಕೇಳಿದ್ದು ಒಳಗೂ ಲೋಹವಿದೆಯೇ ಎಂದು. ಅವರು ಹೇಳಿದ್ದು ಲೋಹದಲ್ಲಿ ಮೋಸವಿಲ್ಲ ಎಂದು. ಸುಳ್ಳು ಯಾರೂ ಆಡಲಿಲ್ಲ, ಆದರೂ ನಾನು ಬಯಸಿದ ಒಡವೆ ನನಗೆ ಸಿಗಲಿಲ್ಲ.

ಪತ್ರಿಕೆಗಳ ‘ಬೆಳ್ಳಿ ಗಟ್ಟಿ’ ಲೋಹದ ಇಟ್ಟಿಗೆ, ಅದನ್ನು ಬದಿಗಿಡೋಣ. ಒಡವೆಗೆ ಸೇರಿದಾಗ ‘ಗಟ್ಟಿ’ಗೆ ಮೂರು ಅರ್ಥ ಬರುತ್ತದೆ: ಕಲಬೆರಕೆಯಿಲ್ಲದ್ದು, ಟೊಳ್ಳಲ್ಲದ್ದು, ಸುಲಭವಾಗಿ ಬಾಗದ್ದು. ಮೊದಲನೆಯದಕ್ಕೂ ಮೂರನೆಯದಕ್ಕೂ ನೇರ ವಿರೋಧವೇ ಇದೆ. 999ರ ಚೊಕ್ಕ ಬೆಳ್ಳಿ ಬಹಳ ಮೆದು. ದಿನವೂ ತೊಡುವ ಉಂಗುರಕ್ಕೋ ಕೊಂಡಿಗೋ ಒಗ್ಗುವುದಿಲ್ಲ. ಸ್ಟರ್ಲಿಂಗ್ ಬೆಳ್ಳಿಯಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ, ಮಿಕ್ಕ 75 ಪಾಲು ಸಾಮಾನ್ಯವಾಗಿ ತಾಮ್ರ. ಆ ತಾಮ್ರವೇ ಅದಕ್ಕೆ ಬಿಗಿ ಕೊಡುವುದು. ಆದ್ದರಿಂದ ಶುದ್ಧತೆಗೆ ‘ಗಟ್ಟಿ’ ಎನ್ನುವುದನ್ನು ಬಿಟ್ಟು ‘925ರ ಬೆಳ್ಳಿ’, ‘999ರ ಬೆಳ್ಳಿ’ ಎಂದು ಅಂಕಿಯನ್ನೇ ಹೇಳುವುದು ಮೇಲು. 925ಕ್ಕೆ ‘ಅಪ್ಪಟ’ ಎಂದು ಬರೆಯುವುದನ್ನು ನಾನು ಒಪ್ಪಲಾರೆ.

‘ಟೊಳ್ಳು’ ಪದಕ್ಕೆ ಅನ್ಯಾಯವಾಗಿದೆ ಎಂಬುದೂ ನನ್ನ ಭಾವನೆ. ಕಾಳು-ಜೊಳ್ಳು, ಪೊಳ್ಳು ಮಾತು ಇವುಗಳ ಸಹವಾಸದಿಂದ ಅದೂ ಬೈಗುಳದಂತೆ ಕೇಳಿಸುತ್ತದೆ. ಆದರೆ ಟೊಳ್ಳು ಒಡವೆಯ ಬೆಳ್ಳಿ ಕೀಳಾಗಿರಬೇಕೆಂದಿಲ್ಲ. ದೊಡ್ಡ ಓಲೆಯನ್ನು ಟೊಳ್ಳಾಗಿ ಮಾಡದಿದ್ದರೆ ಕಿವಿ ಜಗ್ಗುತ್ತದೆ. ಕೊಳ್ಳುವವರಿಗೆ ಅದು ಟೊಳ್ಳೆಂದು ಮೊದಲೇ ತಿಳಿದಿರಬೇಕು, ಅಷ್ಟೆ. ಅದಕ್ಕೆ ವಿರುದ್ಧವಾಗಿ ‘ಒಳತುಂಬಿದ’ ಎನ್ನೋಣವೇ ಎಂದು ಯೋಚಿಸಿದೆ. ಅದೂ ಸರಿಹೋಗದು, ಏಕೆಂದರೆ ತೆಳು ತಗಡಿನೊಳಗೆ ಅರಗು ತುಂಬಿದ ಒಡವೆಗಳೂ ಇವೆ.

ನನಗೆ ಹಿಡಿಸಿದ್ದು ಮಾಡಿದ ಬಗೆಯನ್ನೇ ಹೇಳುವ ಪದಗಳು. ಕಂಬಿಯನ್ನು ಬಗ್ಗಿಸಿ ಮಾಡಿದ್ದು ಕಂಬಿ ಕಡಗ, ಕೊಳವೆಯಿಂದ ಮಾಡಿದ್ದು ಕೊಳವೆ ಕಡಗ. ಉಳಿದವು ತಗಡಿನ ಕೆಲಸ, ಎರಕದ ಕೆಲಸ. ‘ಕಂಬಿಯೋ ಕೊಳವೆಯೋ?’ ಎಂದು ಕೇಳಿದ್ದರೆ ಅಂದು ನನಗೆ 925 ಎಂಬ ಉತ್ತರ ಬರುತ್ತಿರಲಿಲ್ಲ. ಎರಡು ಭಾಗಗಳನ್ನು ಬೆಸೆದು ಮಾಡಿದ ಟೊಳ್ಳು ಒಡವೆಯಲ್ಲಿ ಸಾಮಾನ್ಯವಾಗಿ ಸೂಜಿಮೊನೆಯಷ್ಟು ರಂಧ್ರವೊಂದನ್ನು ಬಿಟ್ಟಿರುತ್ತಾರೆ. ಬೆಸೆಯುವಾಗ ಒಳಗಿನ ಬಿಸಿಗಾಳಿ ಹೊರಹೋಗಲು ಅದು ಬೇಕು. ನನ್ನ ಕಡಗದಲ್ಲೂ ಅದಿತ್ತು, ಆಗ ಗೊತ್ತಾಗಲಿಲ್ಲ.

‘ಮುಲಾಮು’ ಬಗ್ಗೆಯೂ ಒಂದು ಮಾತು. ಹಿತ್ತಾಳೆಯ ಮೇಲೆ ಬೆಳ್ಳಿಯ ಮುಲಾಮು ಎಂದರೆ ಇಂದಿನ ಓದುಗರಿಗೆ ಗಾಯಕ್ಕೆ ಹಚ್ಚುವ ಔಷಧವೇ ನೆನಪಾಗುತ್ತದೆ, ಹಾಗಾಗಿ ‘ಲೇಪ’ ಸಾಕು. ‘ಜರ್ಮನ್ ಸಿಲ್ವರ್’ ಇನ್ನೂ ದೊಡ್ಡ ತೊಡಕು: ತಾಮ್ರ, ನಿಕಲ್, ಸತುವು ಬೆರೆತ ಆ ಲೋಹದಲ್ಲಿ ಬೆಳ್ಳಿಯೇ ಇಲ್ಲ. ಅದನ್ನು ‘ಜರ್ಮನ್ ಬೆಳ್ಳಿ’ ಎಂದು ಅನುವಾದಿಸುವುದನ್ನು ದಯವಿಟ್ಟು ನಿಲ್ಲಿಸೋಣ.

ಅಕ್ಕಸಾಲಿ ಮನೆತನದವರು ಇಲ್ಲಿದ್ದರೆ ಎರಡು ಪದ ಬೇಕು. ಟೊಳ್ಳು ಒಡವೆಯಲ್ಲಿ ಬಿಡುವ ಆ ಸಣ್ಣ ರಂಧ್ರಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ಸರದ ಕೊಂಡಿಯ ಬಳಿ ಇರುವ ಪುಟ್ಟ ಉಂಗುರದಂಥ ಬಳೆಯ ಬಾಯಿಯನ್ನು ಬೆಸೆಯದೆ ಬರೀ ಒತ್ತಿ ಕೂಡಿಸಿದ್ದರೆ ಅದಕ್ಕೆ ಬೇರೆ ಹೆಸರಿದೆಯೇ? ಸರ ಕಳಚಿ ಬೀಳುವುದು ಹೆಚ್ಚಾಗಿ ಅಲ್ಲೇ.